ಅಕ್ಕನ ಹಾಡಿಗೆ ಗಿಟಾರಿನ ಹಾರ್ಮೋನಿಯಂ

ಕಮಲಾಪುರದ ಅಕ್ಕನ ಮನೆಯ ಪಡಸಾಲೆಯಲ್ಲಿ, ಅವಳ ಹಾಡಿಗೆ ನಾನು ನುಡಿಸಿದ ಆ ಸಂಜೆ, ಕರೆಂಟು ಇತ್ತೋ ಇಲ್ಲವೋ ಎಂಬುದರಲ್ಲಿ ನನಗೂ ಅಕ್ಕನಿಗೂ ಇನ್ನೂ ಒಮ್ಮತವಿಲ್ಲ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ದೀಪ ಆರೀತೆಂದು ಯಾರೋ ಕೈ ಅಡ್ಡ ಹಿಡಿದಿದ್ದರು ಎನ್ನುತ್ತೇನೆ ನಾನು. ಕರೆಂಟು ಹೋಗಿ ಬಹಳ ಹೊತ್ತಾಗಿತ್ತು, ನಿನ್ನ ಯಂತ್ರ ನಡೆದದ್ದು ಇನ್ವರ್ಟರ್ ಮೇಲೆ, ಪಡಸಾಲೆಯ ಫ್ಯಾನಿಗೆ ಇನ್ವರ್ಟರ್ ಲೈನೇ ಇಲ್ಲ ಎನ್ನುತ್ತಾಳೆ ಅವಳು. ಆ ಮನೆಯಲ್ಲಿ ಇರುವವಳು ಅವಳು. ಅವಳ ಮಾತೇ ನಿಜವಿರಬೇಕು. ಆದರೆ ಫ್ಯಾನನ್ನು ಬಿಟ್ಟುಕೊಟ್ಟರೆ ಆ ಸಂಜೆಯ ಉಳಿದದ್ದನ್ನೂ ಒಂದೊಂದಾಗಿ ಬಿಟ್ಟುಕೊಡಬೇಕಾಗುತ್ತದೆ. ಅದಕ್ಕೆ ನಾನು ತಯಾರಿಲ್ಲ.

ನಮ್ಮ ಮನೆಯಲ್ಲಿ ಪೆಟ್ಟಿಗೆ ಅಪ್ಪನದು, ದನಿ ಅಕ್ಕನದು. ಪೆಟ್ಟಿಗೆ ಎಂದರೆ ಹಾರ್ಮೋನಿಯಂ. ಬೆಳಗಿನ ಪೂಜೆ ಮುಗಿದ ಮೇಲೆ ಅಪ್ಪ ನುಡಿಸುತ್ತಿದ್ದರು, ಅವಳು ದಾಸರ ಪದ, ಮರಾಠಿ ಅಭಂಗ ಹಾಡುತ್ತಿದ್ದಳು. ನಾನು ಕಾಲೇಜಿನಲ್ಲಿ ಗಿಟಾರು ಹಿಡಿದೆ. ಆ ಇಬ್ಬರ ನಡುವೆ ನನಗೆ ಜಾಗವೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಕ್ಕ ಮದುವೆಯಾಗಿ ಕಮಲಾಪುರಕ್ಕೆ ಹೋದಳು. ಅಪ್ಪ ತೀರಿಕೊಂಡರು. ಪೆಟ್ಟಿಗೆಯ ತಿದಿಯ ಚರ್ಮವನ್ನು ಇಲಿಗಳು ತಿಂದವು. ಗಂಡನ ಮನೆಯಲ್ಲಿ ಅಕ್ಕನ ಹಾಡು ಅಡಿಗೆಮನೆಯ ಹೊಸ್ತಿಲು ದಾಟಲಿಲ್ಲ.

ಆ ಮನೆಯಲ್ಲಿ ಪ್ರತಿ ವರ್ಷ ತುಳಸಿ ಲಗ್ನದ ಸಂಜೆ ಭಜನೆ. ಹಾಡುವವರೆಲ್ಲ ಗಂಡಸರು. ಆ ವರ್ಷ ಭಾವ ಹೇಗೋ ಧೈರ್ಯ ಮಾಡಿ ತಾಯಿಯ ಮುಂದೆ ವಿಷಯ ಎತ್ತಿದರು. ನಾನೂ ಅಲ್ಲೇ ಕೂತಿದ್ದೆ.

“ಹಾಡ್ಲಿ, ಯಾರು ಬ್ಯಾಡಂದಾರ?” ಎಂದರು ಅಕ್ಕನ ಅತ್ತೆ, ಬತ್ತಿ ಹೊಸೆಯುತ್ತಲೇ. “ಆದ್ರ ಪೆಟ್ಟಿಗಿ ಇಲ್ದ ಪದ ಅಂದ್ರ ಉಪ್ಪಿಲ್ಲದ ಸಾರು ಇದ್ಧಂಗ.”

“ಕಲಬುರಗಿಯಿಂದ ಒಬ್ಬರು ಪೆಟ್ಟಿಗಿಯವರನ್ನ ಕರಸ್ತೀನಿ,” ಎಂದರು ಭಾವ.

“ಹೊರಗಿನ ಗಂಡಸು ಸೊಸಿ ಬಾಜೂಕ ಕೂತು ಬಾರಸ್ಬೇಕು? ಭಾಳ ಛಂದ ಕಾಣ್ತದ! ಇಲ್ಲೇ ತಮ್ಮ ಇದ್ದಾನಲ್ಲ, ಅವನೇ ಬಾರಸ್ಲಿ.”

“ನನಗ ಗಿಟಾರ್ ಅಷ್ಟೇ ಬರ್ತದ್ರೀ,” ಎಂದೆ.

“ಅದು ಸಿನಿಮಾದ್ದು. ತುಳಸಿ ಮುಂದ ಅದರ ಸಪ್ಪಳ ಬ್ಯಾಡಪಾ.”

ಬಸ್ಸಿಗೆ ಬಿಡಲು ಬಂದ ಅಕ್ಕ ನಾನು ಹತ್ತುವ ಮುಂಚೆ ಹೇಳಿದಳು: “ಒಂದ್ ಸಲ ಕೇಳಿದ್ರಂದ್ರ ಮುಂದಿನ ವರ್ಷ ತಾವೇ ಕರೀತಾರ. ಆ ಒಂದ್ ಸಲ ಅಷ್ಟೇ ಬೇಕಾಗ್ಯದ ನನಗ. ಏನರ ಮಾಡೋ.”

ಪೆಟ್ಟಿಗೆ ಕಲಿಯಲು ನೋಡಿದೆ, ಬೆರಳು ಒಗ್ಗಲಿಲ್ಲ. ಆಗ ನೆನಪಾದದ್ದು ಗಿಟಾರ್ ಸಿಂಥಸೈಜರ್. ತಂತಿ ಮೀಟಿದರೆ ಯಂತ್ರ ಆ ಸ್ವರ ಯಾವುದೆಂದು ಗುರುತಿಸಿ, ಅದೇ ಸ್ವರವನ್ನು ಬೇರೆ ವಾದ್ಯದ ದನಿಯಲ್ಲಿ ಹೊರಡಿಸುತ್ತದೆ. ಪುಣೆಯ ಒಬ್ಬರಿಂದ ಹಳೆಯದೊಂದನ್ನು ತರಿಸಿದೆ. ಹೊಸ ತಂತಿ ಕೊಳ್ಳಲು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ವಾದ್ಯದ ಅಂಗಡಿಗೆ ಹೋದಾಗ, ಹೀಗೆ ಹೀಗೆ ಎಂದು ಅಂಗಡಿಯವನಿಗೆ ವಿವರಿಸಿದೆ.

“ಗಿಟಾರ್ ಬಾರಿಸಿ ಪೆಟ್ಟಿಗಿ ಸಪ್ಪಳ ತಗೀತೀರಿ?” ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಪೆಟ್ಟಿಗೀನೇ ಒಯ್ರಿ ಸಾಬ್. ಆರಾಮ್ ಅದ.”

ಸೇಡಂ ರಸ್ತೆಯ ನನ್ನ ಬಾಡಿಗೆ ಕೋಣೆಯಲ್ಲಿ ಗಿಟಾರನ್ನು ಬಿಚ್ಚಿ ಕೂತೆ. ಪ್ರತಿ ತಂತಿಗೂ ಬೇರೆ ಬೇರೆ ಕಿವಿಯಿರುವ ತೆಳುವಾದ ಪಿಕಪ್ ಪಟ್ಟಿಯನ್ನು ತಂತಿಗಳು ಆನುವ ಬ್ರಿಜ್‌ಗೆ ಅಂಟಿಕೊಂಡಂತೆ ಕೂಡಿಸಬೇಕು. ತಂತಿಗೂ ಅದಕ್ಕೂ ನಡುವೆ ಒಂದು ನಾಣ್ಯ ತೂರುವಷ್ಟೇ ಸಂದು. ದೂರವಾದರೆ ಅದಕ್ಕೆ ಕೇಳಿಸುವುದಿಲ್ಲ, ಹತ್ತಿರವಾದರೆ ಪಕ್ಕದ ತಂತಿಯದನ್ನೂ ಕೇಳಿಸಿಕೊಂಡು ಇಲ್ಲದ ಸ್ವರ ಹುಟ್ಟಿಸುತ್ತದೆ. ತಂತಿ ಕುತ್ತಿಗೆಯ ಮೇಲಿನ ಲೋಹದ ಫ್ರೆಟ್ಟಿಗೆ ತಾಗಿ ಗುಂಯ್‌ಗುಟ್ಟಿದರೂ ಯಂತ್ರಕ್ಕೆ ಗೊಂದಲ. ಅದಕ್ಕೆ ತಂತಿಗಳನ್ನು ಸ್ವಲ್ಪ ಎತ್ತರಿಸಿದೆ. ಮುಟ್ಟದ ತಂತಿ ತಾನಾಗಿ ಮಿಡಿಯಬಾರದೆಂದು ಅಕ್ಕನ ಮಗಳು ನನ್ನ ಕೋಣೆಯಲ್ಲಿ ಬಿಟ್ಟುಹೋಗಿದ್ದ ಜಡೆಯ ಬಟ್ಟೆ ರಬ್ಬರನ್ನು ಗಿಟಾರಿನ ಕುತ್ತಿಗೆಗೆ ಸುತ್ತಿದೆ.

ಗಿಟಾರನ್ನು ತಿದ್ದುವುದು ಸುಲಭ, ಕೈಯನ್ನು ತಿದ್ದುವುದು ಕಷ್ಟ. ಇಷ್ಟು ವರ್ಷ ನಾನು ಸ್ಟ್ರಮ್ ಮಾಡುತ್ತ ಬಂದವನು, ಆರೂ ತಂತಿ ಒಟ್ಟಿಗೆ. ಈಗ ಒಂದು ಸ್ವರ ಮುಗಿಸಿ, ಆ ಬೆರಳೆತ್ತಿ, ಅದನ್ನು ಪೂರ್ತಿ ಸುಮ್ಮನಾಗಿಸಿ ಮುಂದಿನದಕ್ಕೆ ಹೋಗಬೇಕು. ಮೀಟುವ ಪಿಕ್ಕಿನ ಅಂಚು ತಂತಿಯನ್ನು ಕೆರೆಯಲೂ ಕೂಡದು. ಬೆರಳು ಅಲುಗಿಸಿ ಸ್ವರವನ್ನು ತೂಗುವ ನನ್ನ ಅಭ್ಯಾಸಕ್ಕೆ ಪೆಟ್ಟಿಗೆಯ ದನಿ ಕುಡಿದವನ ಹಾಗೆ ಓಲಾಡುತ್ತಿತ್ತು. ಸ್ವರ ಮೆಟ್ಟಿಲು ಮೆಟ್ಟಿಲಾಗಿಯೇ ಬರುವಂತೆ ಯಂತ್ರದಲ್ಲಿ ಬದಲಿಸಿದೆ. ದಪ್ಪ ತಂತಿಗಳ ಸ್ವರ ಗುರುತಿಸಲು ಅದಕ್ಕೆ ಹೆಚ್ಚು ಹೊತ್ತು ಬೇಕು. ಹಾಗಾಗಿ ಎಲ್ಲವನ್ನೂ ತೆಳು ತಂತಿಗಳ ಮೇಲೆ ನುಡಿಸಿ, ದನಿಯನ್ನು ಯಂತ್ರದಲ್ಲೇ ಒಂದು ಸಪ್ತಕ ಕೆಳಗಿಳಿಸಿದೆ. ಪೆಟ್ಟಿಗೆಯಂತೆ ಸ್ವರ ನಿಲ್ಲಬೇಕಾದರೆ ಪೆಡಲ್ ಒತ್ತಿ ಹಿಡಿಯಬೇಕು. ಕಮಲಾಪುರದಲ್ಲಿ ಕುರ್ಚಿ ಇಲ್ಲ, ಜಮಖಾನೆಯ ಮೇಲೆ ಚಕ್ಕಳಮಕ್ಕಳ. ಮೊಣಕಾಲಿನಿಂದ ಒತ್ತಲು ಕಲಿತೆ.

ಇಷ್ಟಾದರೂ ಒಂದು ಉಳಿಯಿತು. ಮೀಟಿದ್ದಕ್ಕೂ ದನಿ ಬರುವುದಕ್ಕೂ ನಡುವೆ ಕಣ್ಣೆವೆ ಇಕ್ಕುವಷ್ಟು ತಡ. ನಾನು ಭೌತಶಾಸ್ತ್ರ ಓದಿದವನು. ತಡ ಎಂದರೆ ದೋಷ, ದೋಷವಿದ್ದರೆ ತಿದ್ದುಪಡಿಯಿದೆ. ತಡವಾಗುವಷ್ಟೇ ಮುಂಚೆ ಮೀಟಿದರಾಯಿತು.

ಅಕ್ಕನ ಜೊತೆ ಕೂತು ಅಭ್ಯಾಸ ಮಾಡುವಂತಿರಲಿಲ್ಲ. ತವರಿಗೆ ಹೋಗಿ ಹಾಡಿನ ತಾಲೀಮು ಮಾಡುತ್ತೇನೆ ಎಂದು ಅತ್ತೆಯನ್ನು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅತ್ತೆ ಮಲಗಿದಾಗ ಪದವನ್ನು ಫೋನಿನಲ್ಲಿ ಹಾಡಿ ಕಳಿಸಿದಳು. ಎರಡನೆಯ ನುಡಿಯ ನಡುವೆ ಕುಕ್ಕರ್ ಕೂಗುತ್ತದೆ. ಆ ಹಾಡನ್ನು ಹಚ್ಚಿಕೊಂಡು ದಿನವೂ ನುಡಿಸಿದೆ. ಅವಳು ಎಲ್ಲಿ ಎಳೆಯುತ್ತಾಳೆ, ಎಲ್ಲಿ ಉಸಿರು ತೆಗೆಯುತ್ತಾಳೆ, ಎಲ್ಲ ಕೈಗೆ ಕೂತಿತು. ಕುಕ್ಕರಿನ ಸೀಟಿ ಬರುವ ಮುಂಚೆ ಭುಜ ತಾನೇ ಬಿಗಿಯುತ್ತಿತ್ತು. ಕೊನೆಕೊನೆಗೆ ನನ್ನ ಸ್ವರ ಅವಳ ಸ್ವರದ ಮೇಲೆ ಕೂದಲೆಳೆ ತಪ್ಪದೆ ಬಂದು ಕೂರುತ್ತಿತ್ತು.

ತುಳಸಿ ಲಗ್ನದ ಸಂಜೆ ಭಾವ ನನ್ನನ್ನು ಪಡಸಾಲೆಯ ಕಂಬದ ಹಿಂದೆ ಕೂಡಿಸಿದರು. ಗಿಟಾರು ಕಾಣದಂತೆ ಅದರ ಮೇಲೊಂದು ಶಾಲು ಹೊದಿಸಲಾಯಿತು. ಅಕ್ಷತೆ ಬಿತ್ತು, ಗಂಡಸರ ಭಜನೆ ಮುಗಿಯಿತು. ಭಾವ ಕೆಮ್ಮಿ, ಯಾರ ಮುಖವನ್ನೂ ನೋಡದೆ, “ಈಗ ನಮ್ಮ ಮನ್ಯಾಗಿನವರು ಒಂದ್ ಪದ ಹಾಡ್ತಾರ,” ಎಂದರು.

ಅಕ್ಕ ಹಾಡಿದಳು. ಪಲ್ಲವಿ ಸರಿಯಾಗಿಯೇ ಬಂತು. ಮುಂದೆ, ಇಷ್ಟು ವರ್ಷಗಳ ಮೇಲೆ ಎದುರಿಗೆ ಜನರನ್ನು ಕಂಡದ್ದಕ್ಕೋ ಏನೋ, ಒಂದು ಸ್ವರದ ಮೇಲೆ ಅವಳು ನಿಂತಳು. ಫೋನಿನಲ್ಲಿ ಅವಳು ಅಲ್ಲಿ ನಿಂತಿರಲಿಲ್ಲ. ಅವಳು ಇನ್ನೂ ಅಲ್ಲೇ ಇರುವಾಗ ನನ್ನ ಪೆಟ್ಟಿಗೆ ಮುಂದಿನ ಸ್ವರಕ್ಕೆ ಹೋಗಿಬಿಟ್ಟಿತ್ತು. ಅವಳು ಎಳೆದದ್ದನ್ನು ಅರ್ಧಕ್ಕೆ ಬಿಟ್ಟು ನನ್ನನ್ನು ಹಿಡಿಯಲು ಬಂದಳು. ಅವಳು ಲಯ ಏರಿಸುತ್ತಿದ್ದಾಳೆಂದು ನಾನು ಇನ್ನಷ್ಟು ಮುಂದಾದೆ.

ಎರಡನೆಯ ನುಡಿಯಲ್ಲಿ ಅಕ್ಕ ನಿಲ್ಲಿಸಿದಳು. ಇದು ನನ್ನ ನೆನಪು. ನಿಲ್ಲಿಸಲಿಲ್ಲ, ಆರತಿಗೆ ಹೊತ್ತಾಯಿತೆಂದು ಅತ್ತೆ ಕೈಯೆತ್ತಿದರು ಎನ್ನುತ್ತಾಳೆ ಅವಳು. ಪೂರ್ತಿ ಹಾಡಿದಳಲ್ಲ, ಛಲೋ ಆಗಿತ್ತಲ್ಲ ಎನ್ನುತ್ತಾರೆ ಭಾವ. ಮೂವರೂ ಒಂದೇ ಜಮಖಾನೆಯ ಮೇಲೆ ಕೂತಿದ್ದೆವು.

ಆಮೇಲಿನದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಎಲ್ಲರೂ ಕಂಬದ ಹಿಂದೆ ಬಂದರು.

“ಪೆಟ್ಟಿಗಿ ಎಲ್ಲದನೋ?” ಎಂದರು ಭಾವನ ಕಾಕಾ, ಶಾಲಿನ ಅಂಚು ಎತ್ತುತ್ತ. “ಅರೇ, ಇದು ಗಿಟಾರ! ಏನ್ ಖಿಲಾಡಿ ಇದ್ದೀಯೋ ಮಾರಾಯ. ದೇವರಿಗೇ ಟೋಪಿ ಹಾಕ್ದಿ!”

ಅತ್ತೆಯೂ ನಕ್ಕರು. ಇನ್ನೊಮ್ಮೆ ನುಡಿಸೆಂದರು, ನುಡಿಸಿದೆ. ಶಹನಾಯಿ ಬರ್ತದೇನು, ಕೊಳಲು ಬರ್ತದೇನು ಎಂದು ಕೇಳಿದರು, ಬರುತ್ತದೆ ಎಂದು ತೋರಿಸಿದೆ. ಅಕ್ಕನ ಹಾಡಿನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ, ಚೆನ್ನಾಗಿರಲಿಲ್ಲ ಎಂದು ಕೂಡ. ಅವಳು ಆಗಲೇ ಊಟದ ಎಲೆ ಹಾಕಲು ಎದ್ದು ಹೋಗಿದ್ದಳು.

ಕಲಬುರಗಿಗೆ ಮರಳುವ ಬಸ್ಸು ಮಹಾಗಾಂವ ದಾಟುವಾಗ ನನಗೆ ಹೊಳೆಯಿತು. ಬೆಳೆದದ್ದೇ ಅಂಥ ಮನೆಯಲ್ಲಿ, ಆದರೂ ಹೊಳೆಯಲು ಅಷ್ಟು ಹೊತ್ತು ಬೇಕಾಯಿತು. ಅಪ್ಪನ ಪೆಟ್ಟಿಗೆ ಎಂದೂ ಅಕ್ಕನ ಜೊತೆಗೆ ಬರುತ್ತಿರಲಿಲ್ಲ. ಅವಳು ಸ್ವರ ಹಿಡಿದ ಮೇಲೆ, ಒಂದು ನೆರಳಿನಷ್ಟು ಹಿಂದೆ ಬರುತ್ತಿತ್ತು. ಸಾಥ್ ಎಂದರೆ ಅದೇ. ಯಂತ್ರದ ಆ ತಡ ಅಪ್ಪನ ತಡವೇ ಆಗಿತ್ತು. ಅದನ್ನು ಹಾಗೇ ಬಿಟ್ಟಿದ್ದರೆ ಸಾಕಿತ್ತು. ಅಥವಾ ಸಾಕಾಗುತ್ತಿರಲಿಲ್ಲವೇನೋ, ಅವರಿಗೆ ಬೇಕಾದದ್ದು ಹೇಗಿದ್ದರೂ ಕಂಬದ ಹಿಂದಿನ ಮೋಜೇ ಇರಬಹುದು. ಇದನ್ನು ಈಗ ಸಾಬೀತು ಮಾಡುವ ದಾರಿಯಿಲ್ಲ.

ಮರುವರ್ಷ ಭಾವನ ಫೋನು ಬಂತು. ಅಕ್ಕ ಹೇಳಿದ್ದು ಅರ್ಧ ನಿಜವಾಗಿತ್ತು: ತಾವೇ ಕರೆದರು. ಕರೆದದ್ದು ನನ್ನನ್ನು.

“ಆ ಮಷೀನ್ ತಗೊಂಡು ಬಾರೋ. ನಮ್ಮ ಕಾಕಾ ಹಾಡ್ತಾರಂತ.”

“ಅಕ್ಕ?”

“ಅಕಿಗೆ ಅಡಗಿ ಭಾಳ ಇರ್ತದಲ್ಲೋ.”

ಹೋಗುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ.

“ಬಾ,” ಎಂದಳು. “ನೀ ಬರಲಿಲ್ಲಂದ್ರ ನನಗೇ ಮಾತು. ತವರಿನವರಿಗೆ ಸೊಕ್ಕು ಅಂತಾರ.”

ಹೋದೆ. ಆ ಸಲ ಕಂಬದ ಹಿಂದೆ ಕೂಡಿಸಲಿಲ್ಲ, ತುಳಸಿಕಟ್ಟೆಯ ಎದುರಿಗೇ. ಶಾಲು ಯಾಕೆ, ಹುಡುಗರು ನೋಡಲಿ ತೆಗೆ ಎಂದರು ಅತ್ತೆ. ಕಾಕಾ ಹಾಡಿದರು. ನಾನು ಏನನ್ನೂ ಮುಂಚೆ ಮೀಟಲಿಲ್ಲ. ಅವರ ಸ್ವರ ಕೇಳಿ ಮೀಟಿದೆ, ಯಂತ್ರ ತನ್ನ ತಡ ತಾನು ಸೇರಿಸಿತು, ಪೆಟ್ಟಿಗೆ ಅವರ ಹಿಂದೆ ಹಿಂದೆ ಸಲೀಸಾಗಿ ನಡೆಯಿತು. ಕಾಕಾನ ಗಂಟಲು ಸಾಧಾರಣ. ಆದರೂ ಛಲೋ ಕೇಳಿಸಿತು. ಅಷ್ಟು ಸುಲಭವಿತ್ತು ಅದು.

ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಕ್ಕ ನಲ್ಲಿಯ ಹತ್ತಿರ ಪಾತ್ರೆಗಳನ್ನು ನೀರಿಗೆ ಹಾಕುತ್ತಿದ್ದಳು.

“ಈ ಸಲ ಹಿಂದ ಬಂದಿ,” ಎಂದಳು.

“ಒಳಗ ಕೇಳಸ್ತೇನು?”

“ಅಡಗಿಮನ್ಯಾಗ ಎಲ್ಲಾ ಕೇಳಸ್ತದ. ಕೆಂಪು ಬಾಳೆಹಣ್ಣು ಇಟ್ಟೀನಿ, ಮರೀದ ಒಯ್ಯಿ.”

ಅವಳು ಹಾಗೆ ಹೇಳೇ ಇಲ್ಲವಂತೆ. ಆ ವರ್ಷ ಪಾತ್ರೆಗೆ ಕೆಲಸದವಳು ಬಂದಿದ್ದಳು, ನಾ ಹಿತ್ತಲಕ್ಕೆ ಬಂದೇ ಇಲ್ಲ ಎನ್ನುತ್ತಾಳೆ. ಬಾಳೆಹಣ್ಣು ಕೊಟ್ಟದ್ದನ್ನು ಮಾತ್ರ ಒಪ್ಪುತ್ತಾಳೆ.

ಗಿಟಾರು ಹಾಗೇ ಇದೆ, ಜಡೆಯ ರಬ್ಬರಿನ ಸಮೇತ. ಗೆಳೆಯರ ಜೊತೆ ಮಾಮೂಲಿ ಗಿಟಾರು ಹಿಡಿದರೂ ನನ್ನ ಕೈ ತಾಳಕ್ಕಿಂತ ಮುಂಚೆ ಬೀಳುತ್ತದೆ ಎಂದು ತಬಲಾದವನು ಬೈಯುತ್ತಾನೆ. ಈ ವರ್ಷ ಭಾವನ ಫೋನು ಮತ್ತೆ ಬಂತು. ಯಂತ್ರ ಕೆಟ್ಟಿದೆ, ಇಲ್ಲಿ ರಿಪೇರಿಯವರು ಯಾರೂ ಇಲ್ಲ ಎಂದೆ. ಯಂತ್ರ ಕೆಟ್ಟಿಲ್ಲ. ಸಂಜೆ ಅಕ್ಕ ಫೋನು ಮಾಡಿದಳು.

“ಕೆಟ್ಟದಂತ? ಖರೇನ?”

“ಹೂಂ.”

“ಛಲೋ ಆತು ಬಿಡು,” ಎಂದಳು. ಹಿಂದೆ ಕುಕ್ಕರ್ ಕೂಗುತ್ತಿತ್ತು. ಅವಳು ಅಂದದ್ದು ಅದನ್ನೇ ಎಂದು ಆಣೆ ಮಾಡಿ ಹೇಳಲಾರೆ.