ಕುರ್ಚಿಯ ಮೇಲಿನ ಕೋಟು
ಕಿಸುಮುವಿನ ನಮ್ಮ ವಿಶ್ವವಿದ್ಯಾಲಯದ ದಾಖಲೆ ವಿಭಾಗದಲ್ಲಿ ಗುಮಾಸ್ತ ಓಚೋಲಾನಷ್ಟು ಕೆಲಸ ಮಾಡುವವರು ಇನ್ನೊಬ್ಬರಿಲ್ಲ, ಅವನಷ್ಟು ಹೆದರುವವರೂ ಇಲ್ಲ. ಹೊರಗೆ ಬೂಟಿನ ಸದ್ದಾದರೆ ಸಾಕು, ಕೂತಲ್ಲೇ ಬೆನ್ನು ನೆಟ್ಟಗಾಗುತ್ತದೆ; ಸಾಹೇಬರ ಫೋನು ಬಂದರೆ ಎದ್ದು ನಿಂತು, ಅಂಗಿಯ ಗುಂಡಿ ಹಾಕಿಕೊಂಡು ಮಾತಾಡುತ್ತಾನೆ. ಯಾರು ಏನು ಹೇಳಿದರೂ "ಬರೆದು ಕೊಡಿ" ಎನ್ನುತ್ತಾನೆ. ಫ್ಯಾನು ಹಾಕಪ್ಪ ಎಂದಿದ್ದಕ್ಕೂ ಒಮ್ಮೆ ಹಾಗೇ ಎಂದಿದ್ದ. ನಾವೆಲ್ಲ ಕುರ್ಚಿಗೆ ಕೋಟು ತೂಗುಹಾಕಿ, ಇಲ್ಲೇ ಎಲ್ಲೋ ಇದ್ದಾರೆ ಅನ್ನಿಸುವಂತೆ ಮಾಡಿ ಕ್ಯಾಂಟೀನಿಗೆ ಜಾರುವವರು. ಅವನ ಕುರ್ಚಿಯ ಮೇಲೂ ಒಂದು ಕಂದು ಕೋಟಿದೆ, ಆದರೆ ಅವನು ಎಲ್ಲಿಗೂ ಹೋಗುವುದಿಲ್ಲ. ಮೊನ್ನೆ ಮೌಲ್ಯಮಾಪನದ ಫಾರ್ಮು ಬಂತು: ನಿಮ್ಮ ಕೆಲಸ ಚೆನ್ನಾಗಿ ನಡೆಯಲು ಕಾರಣವೇನು? ಹೋದ ವರ್ಷ ಸೇರಿದ ನಾನು "ತರಬೇತಿ" ಎಂದು ಬರೆದೆ. ಅವನು ಪೆನ್ನು ಹಿಡಿದು ಕೂತೇ ಇದ್ದ. "ಏನಾದ್ರೂ ಗೀಚಿ ಬಾ ಅಣ್ಣ, ಬಿಸಿ ಮಂದಾಜಿ ತಿಂದು ಚಹಾ ಕುಡ್ದು ಬರೋಣ" ಎಂದು ಅವನಿಗೆ ಕೊಡಲು ಆ ಕೋಟಿಗೆ ಕೈ ಹಾಕಿದೆ. "ಮುಟ್ಬೇಡ, ಅದು ನಂದಲ್ಲ!" ಎಂದ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ: "ನನಗಿಂತ ಮುಂಚೆ ಇಲ್ಲಿ ಗುಮಾಸ್ತನಾಗಿದ್ದ ಅಬುಯಾಂದು. ಚಹಾ ಕುಡ್ದು ಬರ್ತೀನಿ ಅಂತ ಹೋಗಿದ್ದ. ಅವನು ಬರೋದ್ರೊಳಗೆ ಈ ಕುರ್ಚೀಲಿ ನನ್ನ ಕೂರ್ಸಿದ್ರು."