ಅಪ್ಪ ಅದ್ದಿದ ಕಿರಮಂಜಿ

ಮುದ್ದೇಬಿಹಾಳದ ಬಣ್ಣಗಾರ ಖಾಜಾಸಾಬನಿಗೆ ಆ ಬೇಸಿಗೆಯಲ್ಲಿ ಒಂದು ಪ್ರಶ್ನೆಯ ಭಯ ಹತ್ತಿಕೊಂಡಿತ್ತು. ೧೯೭೪ರ ಮದುವೆ ಹಂಗಾಮು. ವಾಸುದೇವ ಮಾಸ್ತರರು ಮಠದ ಕಟ್ಟೆಯಲ್ಲಿ ಕೂತು ಒಂದು ಶಬ್ದ ಬಿಡಿಸಿದ್ದರು: ಕಡುಗೆಂಪು ಬಣ್ಣಕ್ಕೆ ಹೇಳುವ ಕಿರಮಂಜಿ ಪಾರಸಿಯ ಕಿರ್ಮಿಜದಿಂದ ಬಂದದ್ದು, ಅದರ ಬೇರು ಸಂಸ್ಕೃತದ ಕೃಮಿಜ, ಅಂದರೆ ಹುಳದಿಂದ ಹುಟ್ಟಿದ್ದು. ಮಾಸ್ತರರಿಗೆ ಅದು ಬರೀ ವಿದ್ಯೆ. ಕೇಳಿದವರಿಗೆ ಮಡಿಯ ಮಾತು. ಬ್ರಾಹ್ಮಣರ ಓಣಿಯಿಂದ ಬಣ್ಣಕ್ಕೆ ಬರುತ್ತಿದ್ದ ರೇಶ್ಮಿ ಪತ್ತಲಗಳು ನಿಂತೇ ಹೋದವು.

ಖಾಜಾಸಾಬನ ಹಂಡೆಯಲ್ಲಿ ಹುಳ ಇರಲೇ ಇಲ್ಲ. ಅವನದು ಸೊಲ್ಲಾಪುರದಿಂದ ತಂದ ಡಬ್ಬಿ ಪುಡಿ. ಹುಳ ಇದ್ದದ್ದು ಅವನಪ್ಪ ಮುರ್ತುಜಾಸಾಬನ ಕಾಲಕ್ಕೆ. ಮುಂಬಯಿಯಿಂದ ಬರುತ್ತಿದ್ದವು, ಒಣಗಿ ಕಾಳಿನಂತೆ. ‘ನಂದು ಡಬ್ಬೀದು’ ಎಂದುಬಿಟ್ಟರೆ ಗಿರಾಕಿ ಮರಳುತ್ತಿತ್ತು. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತಿತ್ತು: ಹಾಗಾದರೆ ನಿಮ್ಮಪ್ಪಂದು? ಅಪ್ಪ ಅದ್ದಿಕೊಟ್ಟ ಪತ್ತಲ ಉಟ್ಟು ಆ ಓಣಿಯ ಎಷ್ಟು ಹೆಂಗಸರು ನೈವೇದ್ಯ ಮಾಡಿದ್ದರೋ!

“ರೇಶ್ಮಿ ಏನು ಗಿಡದಾಗ ಬಿಡತೈತೇನು? ಅದೂ ಹುಳದ್ದ ಅಲ್ಲ?” ಅಂದಳು ಹೆಂಡತಿ ಬೀಬಿಜಾನ.

“ಸುಮ್ಮನಿರು ಮಾರಾಯ್ತಿ. ಅದನ್ನೂ ನೆನಪು ಮಾಡಿಕೊಡ್ತೀಯೇನು?”

ಒಂದು ಮಧ್ಯಾಹ್ನ ಮಾಸ್ತರರ ಹೆಂಡತಿ ಸಾವಿತ್ರೀಬಾಯಿಯೇ ಬಂದರು. ಬಗಲಲ್ಲಿ ಅವರ ತಾಯಿಯ ಮಾಸಿದ ಪತ್ತಲ. ಮಡಿಕೆಯೊಳಗೆ ಇಣುಕಿದ ಕೆಂಪು ಅಪ್ಪನ ಕೈಯದೇ. ಖಾಜಾಸಾಬ ನೋಡಿದೊಡನೆ ಗುರುತು ಹಿಡಿದ.

“ನಮ್ಮನಿಯವರು ಶಬ್ದ ಬಿಡಿಸ್ಕೋತ ಕೂತಾರ, ಇಲ್ಲಿ ಮಗಳ ಮದುವಿ ಬಂದದ. ಖರೇ ಹೇಳು ಖಾಜಾಸಾಬ, ನಿನ್ನ ಬಣ್ಣದಾಗ ಹುಳ ಅದನೋ ಇಲ್ಲೋ?”

“ಇಲ್ಲರೀ ಬಾಯಾರ.” ಡಬ್ಬಿ ತಂದು ಮುಂದಿಟ್ಟ.

ಬಾಯಿಯವರು ಡಬ್ಬಿ ನೋಡಿದರು. ಆಮೇಲೆ ಪತ್ತಲ ನೋಡಿದರು. ಏನೋ ಕೇಳಲು ಬಾಯಿ ತೆರೆದರು. ಅವನು ಖಾಲಿ ಹಂಡೆಯೊಳಗೆ ಕಣ್ಣು ನೆಟ್ಟ.

“ನಮ್ಮವ್ವ ಇದನ್ನ ಉಟ್ಟು ಪೂಜಿಗೆ ಕೂಡ್ತಿದ್ಲು,” ಎಂದರು ಮೆಲ್ಲಗೆ. “ಇದರ ಮ್ಯಾಲೆ ನಿನ್ನ ಡಬ್ಬೀದು ಒಂದು ಕೈ ಹಾಕು.”

“ಮ್ಯಾಲೆ ಹಾಕಿದ್ರ ಕೆಳಗಿಂದು ಹೋಗಂಗಿಲ್ಲರೀ...” ಅಂದವನು ನಾಲಿಗೆ ಕಚ್ಚಿಕೊಂಡ.

“ಕೆಳಗಿಂದು ನಾ ಕೇಳಿದ್ನೇನು? ಧಾರಿಗೆ ಮಗಳು ಇದನ್ನ ಉಡಬೇಕು. ಮಾಸ್ತರರು ಮನ್ಯಾಗ ಇದ್ದಾಗ ತಂದುಕೊಡು. ಡಬ್ಬಿನೂ ತಾ.”

ಅವರು ಹೋದ ಮೇಲೆ ಹಂಡೆಗೆ ಉರಿ ಹಾಕಿ, ಮೊದಲು ಪತ್ತಲವನ್ನು ಬರೀ ನೀರಿನಲ್ಲಿ ನೆನೆಸಿದ. ಅಪ್ಪನ ಕೆಂಪು ಒಂದು ಹನಿಯನ್ನೂ ಬಿಟ್ಟುಕೊಡಲಿಲ್ಲ. ಆಗಲೇ ಡಬ್ಬಿ ಮುಚ್ಚಳ ತೆಗೆದದ್ದು.

ಪತ್ತಲ ಒಪ್ಪಿಸಲು ಹೊರಟ ದಿನ ಅದನ್ನು ಬಗಲಿಗಿಟ್ಟುಕೊಂಡು, ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು ನಡೆದ. ಪತ್ತಲದ ಮಡಿಕೆ ಮಾತ್ರ ಬಿಚ್ಚಿಕೊಳ್ಳದಂತೆ ಓಣಿಯುದ್ದಕ್ಕೂ ತೋಳಿನಿಂದ ಅದುಮಿಕೊಂಡೇ ಇದ್ದ.