ಮಗಳ ಪರವಾಗಿ ಅರವತ್ತು ಉತ್ತರಗಳು

ಹಾಸನದಲ್ಲಿ ಎರಡು ದಿನದ ಕಥಾ ಕಮ್ಮಟಕ್ಕೆ ಹೋಗಿಬಂದ ಮೇಲೆ ನನಗೆ ಮನುಷ್ಯರು ಕಾಣುವುದೇ ನಿಂತುಹೋಯಿತು. ಎಲ್ಲೆಲ್ಲೂ ಬರೀ ಬಗೆಗಳು. ಕಮ್ಮಟ ನಡೆಸಿಕೊಟ್ಟ ತರುಣ, ಲೋಕದ ಜನರೆಲ್ಲ ಸೇರಿ ಹದಿನಾರೇ ಬಗೆ ಎಂದು ಹೇಳಿ ಒಂದು ಪಟ್ಟಿ ಹಂಚಿದ್ದ. ಅಂತರ್ಮುಖಿ, ಬಹಿರ್ಮುಖಿ, ತಲೆಯ ಮಾತು ಕೇಳುವವರು, ಮನಸ್ಸಿನ ಮಾತು ಕೇಳುವವರು, ಹೀಗೆ. ಮೊಬೈಲಿನಲ್ಲಿ ಅರವತ್ತು ಪ್ರಶ್ನೆಗೆ ಉತ್ತರ ಒತ್ತಿದರೆ ಅದೇ ನಮ್ಮ ಬಗೆ ಹೇಳಿಬಿಡುತ್ತದೆ. "ಪಾತ್ರದ ಬಗೆ ಗೊತ್ತಾದರೆ ಸಾಕು ಮೇಡಂ, ಕಥೆ ತಾನಾಗಿ ನಡೆಯುತ್ತೆ" ಎಂದ. ನನ್ನ ಕಾದಂಬರಿ ನಾಲ್ಕು ವರ್ಷದಿಂದ ಮೂರನೇ ಅಧ್ಯಾಯದಲ್ಲೇ ಕೂತಿತ್ತು. ತಾನಾಗಿ ನಡೆಯುತ್ತದೆ ಎಂದರೆ ಯಾರಿಗೆ ಬೇಡ?

ಮೊದಲು ನನ್ನ ಬಗೆ ನೋಡಿಕೊಂಡೆ. ಅಪರೂಪದವಳು, ಎದುರಿನವರ ಮನಸ್ಸನ್ನು ಹೇಳದೆಯೇ ತಿಳಿಯುವವಳು ಎಂದು ಬಂತು. ನನಗೇನೂ ಆಶ್ಚರ್ಯವಾಗಲಿಲ್ಲ. ಕಾದಂಬರಿಯ ನಾಯಕಿಗೂ ಅದೇ ಬಗೆ ಕೊಟ್ಟೆ, ಏಕೆಂದರೆ ಅವಳು ನಾನೇ. ಹಾಸನದ ಮನೆಯಿಂದ ನಾನು ಪಾಠ ಮಾಡುವ ಚನ್ನರಾಯಪಟ್ಟಣದ ಹೈಸ್ಕೂಲಿಗೆ ದಿನಾ ಓಡಾಡುವ ಬಸ್ಸಿನಲ್ಲಿ ಕಂಡಕ್ಟರನಿಂದ ಹಿಡಿದು ಕಿಟಕಿ ಪಕ್ಕ ನಿದ್ದೆ ಹೊಡೆಯುವ ಗುಮಾಸ್ತನವರೆಗೆ ಎಲ್ಲರನ್ನೂ ವಿಂಗಡಿಸಿದೆ. ನಮ್ಮ ಹೆಡ್‌ಮಾಸ್ಟರರನ್ನು ಎರಡು ಬಗೆಯಲ್ಲಿ ಹಾಕಬೇಕಾಯಿತು. ಇನ್‌ಸ್ಪೆಕ್ಷನ್ ದಿನ ಒಂದು, ಮಿಕ್ಕ ದಿನ ಒಂದು. ಆಗಲೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಕಾದಂಬರಿಯಲ್ಲಿ ನಾಯಕಿಗೊಬ್ಬಳು ಮಗಳಿದ್ದಾಳೆ. ಅವಳನ್ನು ನನ್ನ ಮಗಳ ಹಾಗೆಯೇ ಮಾಡುವುದೆಂದು ತೀರ್ಮಾನಿಸಿ, ಮಗಳ ಪರವಾಗಿ ಅರವತ್ತು ಪ್ರಶ್ನೆಗೂ ನಾನೇ ಉತ್ತರ ಒತ್ತಿದೆ. ಅವಳು ಎದುರಿಗೇ ಕೂತು ಓದಿಕೊಳ್ಳುತ್ತಿದ್ದಳು. ಅವಳನ್ನು ಕೇಳುವುದೇನು, ಹೆತ್ತವಳು ನಾನು. ನಮ್ಮ ಕಡೆ ಇದು ಹೊಸದೇನಲ್ಲ. "ಏನ್ ಪುಟ್ಟಿ ನಿನ್ನ ಹೆಸರು" ಎಂದು ನೆಂಟರು ಮಗುವನ್ನು ಕೇಳಿದರೆ ಹೆಸರು ಹೇಳುವವಳು ತಾಯಿ. ಎಷ್ಟನೇ ಕ್ಲಾಸು ಎಂದರೂ ತಾಯಿ. ಮಗು ಸೆರಗಿನ ಹಿಂದೆ ನಿಂತಿರುತ್ತದೆ, "ಭಾರಿ ನಾಚಿಕೆ ಇದಕ್ಕೆ" ಎಂದು ತಾಯಿಯೇ ಸೇರಿಸುತ್ತಾಳೆ.

ಮಗಳು ಕಡುಅಂತರ್ಮುಖಿ ಎಂದು ಬಂತು. ಕಾದಂಬರಿಯ ಮಗಳಿಗೂ ಅದನ್ನೇ ಅಂಟಿಸಿ ಎರಡು ಅಧ್ಯಾಯ ಬರೆದೆ. ನನ್ನ ಮಗಳು ಓದಿ, "ಈ ಹುಡುಗಿ ಎರಡು ಅಧ್ಯಾಯದಲ್ಲಿ ಒಂದು ಮಾತೂ ಆಡಿಲ್ವಲ್ಲಮ್ಮ" ಎಂದಳು.

"ಅವಳ ಬಗೆಯೇ ಹಾಗೆ" ಎಂದೆ. ಅವಳು ಹಾಳೆ ವಾಪಸ್ ಕೊಟ್ಟು ಎದ್ದುಹೋದಳು.

ಮಗಳು ಹಾಸನದಲ್ಲಿ ಎರಡನೇ ಪಿಯುಸಿ. ಆ ವಾರವೇ ಅವಳ ಕಾಲೇಜಿನ ನಾಟಕದ ಮೇಷ್ಟ್ರು ಫೋನ್ ಮಾಡಿದರು. ವಾರ್ಷಿಕೋತ್ಸವದ ನಾಟಕಕ್ಕೆ ಇವಳನ್ನು ಮುಖ್ಯ ಪಾತ್ರಕ್ಕೆ ಆರಿಸಿದ್ದಾರೆ, ಸಂಜೆ ತಾಲೀಮಿಗೆ ಮನೆಯವರ ಒಪ್ಪಿಗೆ ಬೇಕು. ಯಾರನ್ನೋ ಯಾರೋ ಅಂದುಕೊಂಡಿದ್ದಾರೆ ಎನಿಸಿ ನಕ್ಕುಬಿಟ್ಟೆ. "ಇಲ್ಲ ಸರ್, ಅವಳ ಸ್ವಭಾವಕ್ಕೆ ಜನ, ಗದ್ದಲ ಎಲ್ಲ ಆಗಲ್ಲ. ಬಲವಂತ ಮಾಡಿದರೆ ಕುಗ್ಗಿಹೋಗ್ತಾಳೆ" ಎಂದು ತಿಳಿಹೇಳಿದೆ. ಮಗಳು ಬಾಗಿಲಲ್ಲೇ ನಿಂತಿದ್ದಳು. ತುಟಿಪಿಟಕ್ ಎನ್ನಲಿಲ್ಲ. ನೋಡಿ, ಪಟ್ಟಿ ಎಷ್ಟು ಸರಿಯಾಗಿದೆ ಎಂದುಕೊಂಡೆ.

ಪಿತೃಪಕ್ಷಕ್ಕೆ ಅರಕಲಗೂಡಿನ ಮೈದುನನ ಮನೆಗೆ ಹೋದೆವು. ಹಿರಿಯರಿಗೆ ಎಡೆ ಇಡುವುದು ಪ್ರತಿ ವರ್ಷ ಅಲ್ಲೇ. ತೀರಿಕೊಂಡವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಾಳೆ ಎಲೆಯ ಮೇಲೆ ಇಡಬೇಕು. ಅತ್ತೆಗೆ ಎಲೆ ಅಡಿಕೆ, ಮಾವನಿಗೆ ಬೀಡಿಕಟ್ಟು. ಆ ಸಲ ಮಾವನ ಎಲೆಗೆ ಕಜ್ಜಾಯ ಬೇಕೋ ಬೇಡವೋ ಎಂದು ನನ್ನ ಗಂಡನಿಗೂ ಅವರ ತಮ್ಮನಿಗೂ ಜಗಳ ಹತ್ತಿತು.

"ಅಪ್ಪಯ್ಯ ಸಿಹೀನೇ ಮುಟ್ತಿರ್ನಿಲ್ಲ ಕಣ್ಲಾ" ಎಂದರು ನನ್ನವರು.

"ನೀನ್ ಮನೇಲಿದ್ರೆ ಮುಟ್ತಿರ್ನಿಲ್ಲ. ನೀನ್ ಅಂಗ್ ಓದೇಟ್ಗೆ ಡಬ್ಬಕ್ಕೇ ಕೈ ಆಕೋರು" ಎಂದ ಮೈದುನ.

ನಾನು ಪಡಸಾಲೆಯಲ್ಲಿ ಕನ್ನಡಕ ಏರಿಸಿಕೊಂಡು, ಮಾವನ ಬಗೆ ಯಾವುದಿರಬಹುದು ಎಂದು ಇಬ್ಬರಿಗೂ ವಿವರಿಸಲು ಹೊರಟೆ. ಇಬ್ಬರೂ ತಕ್ಷಣ ಜಗಳ ಬಿಟ್ಟು ತೆಂಗಿನಕಾಯಿ ಸುಲಿಯಲು ಹಿತ್ತಲಿಗೆ ಹೋದರು. ಕೇಳುವವರಿಲ್ಲದೆ ಅಡುಗೆಮನೆ ಕಡೆ ನಡೆದೆ. ಅಲ್ಲಿ ನನ್ನದೇ ದನಿ ಕೇಳಿಸಿತು.

"ನೋಡಿ, ಈ ಬದನೆಕಾಯಿ ಇದೆಯಲ್ಲ, ಇದು ಅಂತರ್ಮುಖಿ. ಒಳಗೆ ಹುಳ ಇದ್ದರೂ ಹೇಳಿಕೊಳ್ಳುವುದಿಲ್ಲ. ಈರುಳ್ಳಿ ಬಹಿರ್ಮುಖಿ. ಬಂದ ಕೂಡಲೇ ಎಲ್ಲರನ್ನೂ ಅಳಿಸುತ್ತದೆ."

ಬಾಗಿಲ ಸಂದಿಯಲ್ಲಿ ನೋಡಿದೆ. ಮಗಳು ಸೊಂಟಕ್ಕೆ ಟವಲ್ಲು ಸಿಕ್ಕಿಸಿಕೊಂಡು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಸೌಟು ಎತ್ತಿ ಪಾಠ ಮಾಡುತ್ತಿದ್ದಳು. ಸುತ್ತ ಏಳೆಂಟು ಹೆಂಗಸರು. ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ನಕ್ಕೂ ನಕ್ಕೂ ಗೋಡೆಗೆ ಒರಗಿದ್ದಳು. "ಇನ್ನೊಂದ್ ಕಿತ ಮಾಡು ಮಗಾ, ಥೇಟ್ ಅಕ್ಕನೇ" ಎಂದಳು.

ಮಗಳು ಗಂಟಲು ಸರಿಮಾಡಿಕೊಂಡಳು. "ಇವಳು ನನ್ನ ಮಗಳು. ಮಾತಾಡಮ್ಮ. ಊಹೂಂ, ಅವಳು ಮಾತಾಡಲ್ಲ, ಅವಳ ಬಗೆಯೇ ಹಾಗೆ. ನೀವು ನನ್ನನ್ನೇ ಕೇಳಿ."

ಒಗ್ಗರಣೆ ಸೀಯುವಷ್ಟು ನಗು. ನನಗೆ ಸಿಟ್ಟು ಬಂತು, ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು. ಇಂಥ ಹುಡುಗಿಯೊಬ್ಬಳು ನನ್ನ ಮನೆಯಲ್ಲಿದ್ದಾಳೆಂದು ಅರಕಲಗೂಡಿನ ಅಡುಗೆಮನೆಗೆಲ್ಲ ಗೊತ್ತು, ಎದುರಿನವರ ಮನಸ್ಸನ್ನು ಹೇಳದೆಯೇ ತಿಳಿಯುವ ನನಗೆ ಗೊತ್ತಿಲ್ಲ.

ಎಡೆ ಇಟ್ಟು ಎಲ್ಲರೂ ಕೈಮುಗಿದೆವು. ಮಾವನ ಎಲೆಯ ಮೇಲೆ ಕಜ್ಜಾಯ ಬಂದು ಕೂತಿತ್ತು. ಸತ್ತವರು ಬೇಕು ಬೇಡ ಹೇಳುವುದಿಲ್ಲ, ಅವರ ಪರವಾಗಿ ನಾವೇ ಇಡಬೇಕು, ಸರಿ. ಬದುಕಿ ಬಾಳಬೇಕಾದ ಮಗಳಿಗೂ ನಾನು ಹೀಗೇ ಎಡೆ ಇಟ್ಟು ಕೂತಿದ್ದೆನಲ್ಲ ಎನಿಸಿ, ಬಿಡ್ತು ಬಿಡ್ತು ಎಂದು ಕೆನ್ನೆಗೆ ಹೊಡೆದುಕೊಂಡೆ. ಓರಗಿತ್ತಿ ನನ್ನ ಭಕ್ತಿ ಕಂಡು ಇನ್ನೊಂದಿಷ್ಟು ಕುಂಕುಮ ಕೊಟ್ಟಳು.

ಸಂಜೆ ಹಾಸನದ ಬಸ್ಸು ತಪ್ಪಿತು. ನನ್ನವರು ಅಲ್ಲೇ ಉಳಿದರು. ಮಾರನೆಯ ದಿನ ಶಾಲೆಯಿದ್ದ ನಾನೂ ಕಾಲೇಜಿದ್ದ ಮಗಳೂ ಹೊಳೆನರಸೀಪುರಕ್ಕೆ ಬಂದು ಅಲ್ಲಿ ಹಾಸನದ ಬಸ್ಸಿಗೆ ಕಾದೆವು. ಬೆಂಚಿನ ಮೇಲೆ ಕೂತು ಮೊಬೈಲು ಅವಳ ಕೈಗಿಟ್ಟೆ. "ನಿನ್ನ ಉತ್ತರ ನೀನೇ ಒತ್ತು" ಎಂದೆ, ಮಹಾ ಔದಾರ್ಯ ತೋರಿಸುವವಳಂತೆ.

ಅವಳು ಮೊದಲನೇ ಪ್ರಶ್ನೆ ಓದಿದಳು. ಗುಂಪಿನಲ್ಲಿ ನೀವಾಗಿಯೇ ಮಾತು ಶುರು ಮಾಡುತ್ತೀರಾ? ಒತ್ತಲು ಹೋದ ಬೆರಳನ್ನು ತಡೆದು ನನ್ನ ಕಡೆ ತಿರುಗಿದಳು.

"ನೀನಿದ್ದಾಗಿಂದು ಹಾಕ್ಲಾ ಅಮ್ಮ, ಇಲ್ದೇ ಇದ್ದಾಗಿಂದು ಹಾಕ್ಲಾ?"

ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಕೇಳಿದ್ದಳು. ಅಷ್ಟರಲ್ಲಿ ಬಸ್ಸು ಬಂತು, ಪುಣ್ಯ.

ಮಾರನೆಯ ದಿನ ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ. ಮುಖ್ಯ ಪಾತ್ರ ಬೇರೆ ಹುಡುಗಿಗೆ ಹೋಗಿತ್ತು. "ಜಗಳಗಂಟಿ ಪಕ್ಕದ ಮನೆಯವಳದ್ದೊಂದು ಸಣ್ಣ ಪಾತ್ರ ಉಳಿದಿದೆ ಮೇಡಂ. ಅವಳು ಮಾಡ್ತಾಳಾ?" ಎಂದರು. ಉತ್ತರ ನನ್ನ ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡು ಫೋನನ್ನು ಮಗಳಿಗೆ ಕೊಟ್ಟೆ. ಅವಳು ಅದನ್ನು ಹಿಡಿದು ಟೆರೇಸಿಗೆ ಹೋದಳು. ಹತ್ತು ನಿಮಿಷ ಮೇಲಿನಿಂದ ಬರೀ ನಗು ಕೇಳಿಸಿತು.

ಆಮೇಲೆ ಎರಡು ತಿಂಗಳು ತಾಲೀಮು ನಡೆಯಿತು. ನಾನು ಕಾದಂಬರಿಯ ಆ ಎರಡು ಅಧ್ಯಾಯ ಹರಿದುಹಾಕಿ, ನಾಟಕದ ದಿನಕ್ಕೆ ಯಾವ ಸೀರೆ ಎಂದು ಯೋಚಿಸಿಟ್ಟಿದ್ದೆ. ಹಿಂದಿನ ದಿನ ಮಗಳು ಅಡುಗೆಮನೆಗೆ ಬಂದು ಕಟ್ಟೆಗೆ ಒರಗಿ ನಿಂತಳು.

"ಅಮ್ಮ, ಬೇಜಾರ್ ಮಾಡ್ಕೋಬೇಡ. ಅರಕಲಗೂಡಿಂದ ಚಿಕ್ಕಮ್ಮನ್ನ ಕರೆದಿದ್ದೀನಿ, ಅಪ್ಪನೂ ಬರ್ತಾರೆ. ನೀನು ಬರಬೇಡ. ನೀನು ಕೂತಿದ್ರೆ ನಂಗೆ ಬಾಯಿ ಬರಲ್ಲ."

ಎದೆಗೆ ಒದ್ದ ಹಾಗಾಯಿತು. ಹೇಳಿ ಮುಗಿಸಿ ಅವಳು ಒಣಗಿದ್ದ ಲೋಟವನ್ನೇ ಮತ್ತೆ ಒರೆಸತೊಡಗಿದಳು. "ಆಯ್ತು" ಎಂದೆ.

ಬರಬೇಡ ಎಂದರೆ ಸುಮ್ಮನಿರುವ ಬಗೆಯವಳು ನಾನಲ್ಲ, ನನ್ನನ್ನು ಬಲ್ಲ ಯಾರನ್ನು ಬೇಕಾದರೂ ಕೇಳಿ. ಆದರೂ ಹೋಗಲಿಲ್ಲ.